‘ದೇಹಸ್ನೇಹಿ’ ಎಂಬ ಮಾತು

‘ಪರಿಸರಸ್ನೇಹಿ’ ಎಂಬ ಪದವು ರೂಢಿಗೆ ಬಂದ ಮೇಲೆ ಅದೇ ಅಚ್ಚಿನಲ್ಲಿ ‘ದೇಹಸ್ನೇಹಿ’ಯೂ ಹುಟ್ಟಿಕೊಂಡಿದೆ. ಪೆಪ್ಟೈಡುಗಳಿಂದಾದ ಸೂಕ್ಷ್ಮ ಔಷಧವಾಹಕಗಳಿಗೆ ಈ ವಿಶೇಷಣವನ್ನು ಹಚ್ಚುವುದು ಉಚಿತವೇ ಎಂಬುದು ವಿಚಾರಾರ್ಹ.

ವರ್ಣಗಳು ಕೂಡಿ ಪದವಾಗುವಂತೆ ಅಮೈನೋ ಆಮ್ಲಗಳು ಸರಪಣಿಯಾಗಿ ಕೂಡಿ ಪೆಪ್ಟೈಡುಗಳಾಗುತ್ತವೆ. ಈ ಆಮ್ಲಗಳಲ್ಲಿ ಕೆಲವು ನೀರನ್ನು ಬಯಸುವವು, ಕೆಲವು ನೀರಿಗೆ ವಿಮುಖವಾದವು. ತಕ್ಕ ಕ್ರಮದಲ್ಲಿ ಪೋಣಿಸಿದ ಕಿರುಸರಪಣಿಗಳನ್ನು ನೀರಿಗೆ ಬಿಟ್ಟರೆ, ವಿಮುಖ ಭಾಗಗಳು ಒಳಗೆ ಅಡಗಿ, ಉಳಿದವು ಹೊರಗೆ ನಿಂತು, ಎಳೆ, ನಳಿಗೆ, ಉಂಡೆಗಳ ಆಕಾರವನ್ನು ತಾವೇ ತಾಳುತ್ತವೆ. ಸಾಮೀಪ್ಯಮಾತ್ರದಿಂದ ಸಂಧಿಯಾಗುವ ವರ್ಣಗಳನ್ನು ಬಲ್ಲವರಿಗೆ ಇದು ಅಪರಿಚಿತ ವ್ಯಾಪಾರವಲ್ಲ! ಹೀಗಾದ ರಚನೆಯೊಳಗೆ ಔಷಧವನ್ನಿರಿಸಿ ಮೆಲ್ಲಮೆಲ್ಲನೆ ಹೊರಬಿಡುವುದು ವಿಜ್ಞಾನಿಗಳ ಉದ್ದೇಶ.

ಪೆಪ್ಟೈಡು ಸರಪಣಿಗಳು ಹೇಗೆ ಮಡಿಸಿಕೊಳ್ಳಬಲ್ಲವೆಂಬುದನ್ನು ಜಿ. ಎನ್. ರಾಮಚಂದ್ರನ್ ಅವರು ಸಂಗಡಿಗರೊಡನೆ 1963ರಲ್ಲಿ ಮದರಾಸಿನಿಂದ ತೋರಿಸಿಕೊಟ್ಟರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತ ವಿಭಾಗವನ್ನು ಕಟ್ಟಿದವರೂ ಅವರೇ. ಇಂದು ಲ್ಯಾನ್ರಿಯೊಟೈಡ್ ಎಂಬ ಎಂಟೇ ಅಮೈನೋ ಆಮ್ಲಗಳ ಔಷಧವು ನೀರಿನಲ್ಲಿ ಸುಮಾರು 24 ನ್ಯಾನೋಮೀಟರ್ ವ್ಯಾಸದ ನಳಿಗೆಗಳಾಗಿ ಕೂಡಿಕೊಳ್ಳುತ್ತದೆ. ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲೇ ನ್ಯಾನೋಮೀಟರ್. ಬೆಳವಣಿಗೆಯ ಹಾರ್ಮೋನು ಮಿತಿಮೀರಿ ಕೈಕಾಲು, ಮುಖ ದಪ್ಪವಾಗುವ ರೋಗದಲ್ಲಿ ನಾಲ್ಕು ವಾರಕ್ಕೊಮ್ಮೆ ಇದರ ಚುಚ್ಚುಮದ್ದು ಸಾಕಾಗುತ್ತದೆ. ಇಲ್ಲಿ ಔಷಧವೂ ಅದೇ, ವಾಹಕವೂ ಅದೇ.

ಆದರೆ ಶರೀರದಲ್ಲಿರುವ ದ್ರವ್ಯದಿಂದಲೇ ಆದುದರಿಂದ ಇದು ನಿರಪಾಯಕರವೆಂಬ ತರ್ಕ ನಿಲ್ಲದು. ಆಲ್‌ಝೈಮರ್ ರೋಗಿಗಳ ಮಿದುಳಿನಲ್ಲಿ ಕಾಣುವ ಅಮೈಲಾಯ್ಡ್ ಗಂಟುಗಳೂ ಪೆಪ್ಟೈಡುಗಳ ಸ್ವಯಂಜೋಡಣೆಯ ಫಲವೇ. ಅವು ಪರಕೀಯವಲ್ಲ, ದೇಹದಲ್ಲೇ ಹುಟ್ಟಿದವು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡವು ಪೆಪ್ಟೈಡುಗಳ ಜೋಡಣೆಯನ್ನೂ, ಅಮೈಲಾಯ್ಡ್ ಕಟ್ಟದಂತೆ ತಡೆಯುವ ಬಗೆಯನ್ನೂ ಅಭ್ಯಸಿಸುತ್ತಿರುವುದು ಆಕಸ್ಮಿಕವಲ್ಲ. ಕೂಡಿಸುವುದನ್ನು ಅರಿಯಬೇಕಾದವರು ಬಿಡಿಸುವುದನ್ನೂ ಅರಿಯಬೇಕು.

ಆದುದರಿಂದ ‘ಸ್ನೇಹಿ’ ಎಂಬ ಪದ ಇಲ್ಲಿ ಸಲ್ಲದು. ಅದು ಓದುಗನನ್ನು ಪ್ರಶ್ನೆ ಕೇಳದಂತೆ ಮಾಡುತ್ತದೆ. ಔಷಧದ ವಿಷಯದಲ್ಲಿ ಅದರ ಹಾನಿಯನ್ನು ಉಣ್ಣುವವನು ರೋಗಿ. ‘ದೇಹಕ್ಕೆ ಹೊಂದುವ’ ಎಂದರೆ ಕೂಡಲೇ ಆಕಾಂಕ್ಷೆ ಹುಟ್ಟುತ್ತದೆ: ಯಾವ ಅಂಗಕ್ಕೆ? ಎಷ್ಟು ಪ್ರಮಾಣದಲ್ಲಿ? ಎಷ್ಟು ಕಾಲ? ವಿಜ್ಞಾನಿಗಳು ಪರೀಕ್ಷಿಸುವುದೂ ಇವನ್ನೇ.

ರಾಮಮೂರ್ತಿ ನಗರದ ಶಾಲೆಗಳಿಗೆ ಜಕ್ಕೂರು ದೂರವೇನಲ್ಲ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ದಿನ ವಿಜ್ಞಾನದ ಉಪಾಧ್ಯಾಯರೊಡನೆ ಕನ್ನಡದ ಉಪಾಧ್ಯಾಯರೂ ಹೋಗಿಬರಬೇಕು. ಕಂಡದ್ದನ್ನು ಮಕ್ಕಳು ಮರುದಿನ ಕನ್ನಡದಲ್ಲಿ ಬರೆಯಬೇಕು.