ಬೋರ್ಡಿನಿಂದ ನಂಬಿಕೆ ಬರುವುದಿಲ್ಲ

ಲಗ್ಗೆರೆಯಲ್ಲಿ ಮನೆ, ಸೈಟು ಬೇಕೆಂದರೆ ಜನ ಮೊದಲು ಹುಡುಕುವುದು ಆ ಬೀದಿಯ ಬ್ರೋಕರನ್ನು. ಪೀಣ್ಯದ ಕಾರ್ಖಾನೆಗಳಿಗೆ ದುಡಿಯಲು ಹೋದ ನಮ್ಮೂರ ಹುಡುಗರಿಗೂ ಅವರೇ ದಾರಿ. ಯಾವ ಮನೆಗೆ ನೀರು ಸರಿಯಾಗಿ ಬರುತ್ತದೆ, ಯಾವ ಸೈಟಿನ ಮೇಲೆ ಅಣ್ಣತಮ್ಮಂದಿರ ತಕರಾರಿದೆ ಎಂಬುದು ಅವರಿಗೆ ಬಾಯಿಪಾಠ.

ಇಂಥ ಬ್ರೋಕರ್ ಶುಲ್ಕ ಕಟ್ಟಿ ದೊಡ್ಡ ಕಂಪನಿಯ ಹೆಸರು ಹಾಕಿಕೊಳ್ಳುವುದೇ ಫ್ರಾಂಚೈಸಿ. ಅಮೆರಿಕದಲ್ಲಿ 1971ರಲ್ಲಿ ಶುರುವಾದ ಸೆಂಚುರಿ 21, 1973ರ ರೀಮ್ಯಾಕ್ಸ್ ಬೆಳೆದದ್ದು ಹೀಗೆ. ಅಲ್ಲಿ ಮಾರುವವರು ಸಾಮಾನ್ಯವಾಗಿ ಒಬ್ಬ ಏಜೆಂಟರಿಗೆ ಮಾತ್ರ ಬರೆದುಕೊಡುತ್ತಾರೆ. ಆ ಮಾಹಿತಿ ಉಳಿದ ಏಜೆಂಟರಿಗೂ ಸಿಗುತ್ತದೆ. ಗಿರಾಕಿ ತಂದವರಿಗೂ ಕಮಿಷನ್‌ನಲ್ಲಿ ಪಾಲುಂಟು. ನಮ್ಮಲ್ಲಿ ಒಂದೇ ಸೈಟು ಹತ್ತು ಬ್ರೋಕರ್‌ಗಳ ಕೈಯಲ್ಲಿರುತ್ತದೆ, ಯಾರೂ ಗುಟ್ಟು ಬಿಡುವುದಿಲ್ಲ. ಹೀಗಿದ್ದರೆ ಕಟ್ಟಿದ ಶುಲ್ಕ ಬರೀ ಬೋರ್ಡಿಗೆ ಕೊಟ್ಟ ಹಾಗೆ.

ನಮ್ಮ ಪ್ರಕಾರ ಫ್ರಾಂಚೈಸಿ ಗೆಲ್ಲಬೇಕಾದರೆ ಕಂಪನಿ ಮೂರು ಕೆಲಸ ಮಾಡಬೇಕು. ಒಂದು, ತನ್ನ ಬ್ರೋಕರ್‌ಗಳು ಗಿರಾಕಿಯನ್ನೂ ಕಮಿಷನ್ನನ್ನೂ ಹಂಚಿಕೊಳ್ಳುವಂತೆ ಮಾಡಬೇಕು. ಎರಡು, ಇಸಿ, ಖಾತಾ, ಮೂಲಪತ್ರ ಪರಿಶೀಲಿಸುವುದನ್ನು ಕಲಿಸಬೇಕು. ಮೂರು, ಗಿರಾಕಿಯಿಂದ ಎಷ್ಟು ಪಡೆಯುತ್ತೇವೆಂದು ಮೊದಲೇ ಬರೆದು ಕೊಡಿಸಬೇಕು. ಬೀದಿಯ ತಿಳಿವಳಿಕೆಗೆ ಈ ಶಿಸ್ತು ಸೇರಿದರೆ ಮಾತ್ರ ಜನ ಮತ್ತೆ ಬರುತ್ತಾರೆ.

ಹೊಲ ಮಾರಿದ ದುಡ್ಡಲ್ಲಿ ಸೈಟು ಕೊಳ್ಳಲು ಹೊರಟವರು ಗಮನಿಸಿ. 2016ರ ರೇರಾ ಕಾಯ್ದೆಯಡಿ ನೋಂದಣಿಯಾದ ಬಡಾವಣೆಯ ಸೈಟು ಮಾರಿಸುವ ಏಜೆಂಟರಿಗೂ ನೋಂದಣಿ ಕಡ್ಡಾಯ. ಬೋರ್ಡು ನೋಡಿ ಮುಂಗಡ ಕೊಡಬೇಡಿ. ಎದುರು ಕೂತವರ ನೋಂದಣಿ ಸಂಖ್ಯೆ ಕೇಳಿ, ಪತ್ರಗಳನ್ನು ನಿಮ್ಮದೇ ವಕೀಲರಿಗೆ ತೋರಿಸಿ.