ಗಗನನೌಕೆಗೆ ಊರಾಚೆ ಇಲ್ಲ



"ಮಲದ ಗುಂಡಿಗೂ ಬಾಹ್ಯಾಕಾಶಕ್ಕೂ ಏನ್ರೀ ಸಂಬಂಧ? ಎಲ್ಲದರಲ್ಲೂ ಜಾತಿ ತರ್ತೀರಿ" ಅಂತ ಆಫೀಸಿನಲ್ಲಿ ಒಬ್ಬರು ಕೇಳಿದ್ರು. ಸಂಬಂಧ ಇದೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಮನುಷ್ಯ ವರ್ಷಗಟ್ಟಲೆ ಬಾಹ್ಯಾಕಾಶದಲ್ಲಿ ಬದುಕಬೇಕಂದ್ರೆ ಅನ್ನ, ನೀರು, ಗಾಳಿ ಎಲ್ಲವನ್ನೂ ಭೂಮಿಯಿಂದ ಹೊತ್ಕೊಂಡು ಹೋಗೋಕಾಗಲ್ಲ. ಅದಕ್ಕೇ ವಿಜ್ಞಾನಿಗಳು ಜೈವಿಕ ಜೀವಾಧಾರ ವ್ಯವಸ್ಥೆ ಕಟ್ಟುತ್ತಿದ್ದಾರೆ. ಅಂದ್ರೆ ನಾವು ಬಿಟ್ಟ ಉಸಿರು, ಮೂತ್ರ, ಮಲವನ್ನೇ ಬ್ಯಾಕ್ಟೀರಿಯಾ, ಪಾಚಿ, ಗಿಡಗಳ ಮೂಲಕ ಮತ್ತೆ ಆಮ್ಲಜನಕ, ನೀರು, ಆಹಾರ ಮಾಡೋದು.

ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಮೆಲಿಸ್ಸಾ ಯೋಜನೆ 1989ರಿಂದ ಇದನ್ನೇ ಮಾಡ್ತಿದೆ. ಕೆರೆಯೊಳಗೆ ತಾನಾಗೇ ನಡೆಯೋ ಕೆಲಸವನ್ನು ಬಿಡಿಬಿಡಿ ಹಂತಗಳಾಗಿ ಜೋಡಿಸಿದ್ದಾರೆ. ಮೊದಲ ಹಂತದಲ್ಲಿ ಬ್ಯಾಕ್ಟೀರಿಯಾಗಳು ಮಲವನ್ನೂ ಗಿಡದ ಕಸವನ್ನೂ ಕೊಳೆಸುತ್ತವೆ. ಮುಂದೆ ಬೇರೆ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಅದೇ ಗೊಬ್ಬರ. ಅದನ್ನುಂಡು ಸ್ಪಿರುಲಿನಾ ಪಾಚಿ, ಗಿಡಗಳು ಬೆಳೆಯುತ್ತವೆ. ಬೀಜಿಂಗಿನಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇಂಥದ್ದೇ ಒಂದು ಮುಚ್ಚಿದ ಕಟ್ಟಡದಲ್ಲಿ 2017-18ರಲ್ಲಿ ಸರದಿ ಮೇಲೆ 370 ದಿನ ಬದುಕಿ ತೋರಿಸಿದರು.

ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯ ಹೋದವು. ಯೂರಿಯಾ ಉಂಡು ಸಯನೋಬ್ಯಾಕ್ಟೀರಿಯಾ ಅಲ್ಲಿ ಹೇಗೆ ಬೆಳೆಯುತ್ತೆ ಅನ್ನೋ ಪ್ರಯೋಗವೂ ಇತ್ತು. ಯೂರಿಯಾ ಅಂದ್ರೆ ನಮ್ಮ ಮೂತ್ರದಲ್ಲಿರೋದೇ.

ನನಗೆ ಹೆಮ್ಮೆ ಇದೆ. "ಬಡವರಿಗೆ ಅನ್ನ ಇಲ್ಲ, ರಾಕೆಟ್ ಯಾಕೆ" ಅನ್ನೋ ವಾದ ನನ್ನದಲ್ಲ. ರಾಕೆಟ್ ಹಾರಲಿ. ಅದರಲ್ಲಿ ನಮ್ಮ ಕೇರಿಯ ಮಕ್ಕಳೂ ಹೋಗಲಿ.

ನನ್ನ ಮಾತು ಬೇರೆ. ಗಗನನೌಕೆಗೆ ಊರಾಚೆ ಅನ್ನೋದು ಇಲ್ಲ. ಹೊಲಸು ನೂಕಿ ಕೈ ತೊಳ್ಕೊಳ್ಳೋಕೆ ಅಲ್ಲಿ ಕೇರಿ ಇಲ್ಲ, ಕರೆದಾಗ ಬಂದು ಬಳಿದು ಹೋಗೋ ಜಾತಿ ಇಲ್ಲ. ಅದಕ್ಕೇ ಬುದ್ಧಿ ಓಡಿತು. ಬಾಹ್ಯಾಕಾಶ ನಿಲ್ದಾಣದಲ್ಲಿ ಮೂತ್ರ, ಬೆವರು, ಉಸಿರಿನ ತೇವ ಸೇರಿಸಿ ನೀರಿನ ಶೇ. 98 ಭಾಗ ವಾಪಸ್ ಪಡೆಯಬಹುದು ಅಂತ 2023ರಲ್ಲಿ ತೋರಿಸಿದರು. ಮಲವನ್ನು ಮಾತ್ರ ಇನ್ನೂ ಡಬ್ಬಿಗೆ ತುಂಬಿ, ಸರಕು ನೌಕೆಯ ಜೊತೆ ಸುಟ್ಟುಹೋಗೋಕೆ ಕಳಿಸ್ತಾರೆ. ಆ ಡಬ್ಬಿ ಬದಲಿಸೋರು, ಶೌಚಾಲಯ ಕೆಟ್ಟರೆ ಸರಿ ಮಾಡೋರು ಗಗನಯಾನಿಗಳೇ. ಕಮಾಂಡರ್ ಇರಲಿ, ಪಿಎಚ್‌ಡಿ ಮಾಡಿದವರಿರಲಿ. ಯಾರೂ ಮೈಲಿಗೆ ಆಗಲಿಲ್ಲ.

ಇಲ್ಲಿ? ತಲೆ ಮೇಲೆ ಮಲ ಹೊರೋದನ್ನು ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ 1970ರ ದಶಕದಲ್ಲೇ ನಿಷೇಧಿಸಿದರು. ಆದರೂ 2010ರಲ್ಲಿ ಸವಣೂರಿನ ಭಂಗಿ ಸಮುದಾಯದ ನಮ್ಮ ಬಂಧುಗಳು ಪುರಸಭೆ ಎದುರು ಮೈಮೇಲೆ ಮಲ ಸುರ್ಕೊಂಡು ನ್ಯಾಯ ಕೇಳಬೇಕಾಯ್ತು. 2013ರಲ್ಲಿ ಕಾಯ್ದೆ ಬಂತು. ಒಳಚರಂಡಿಯಲ್ಲಿ ಸತ್ತರೆ 30 ಲಕ್ಷ ಪರಿಹಾರ ಕೊಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಳಿಸೋದು ನಿಂತಿಲ್ಲ, ಸಾವೂ ನಿಂತಿಲ್ಲ.

"ತಂತ್ರಜ್ಞಾನ ಇಲ್ಲ, ಏನ್ ಮಾಡೋದು" ಅಂತಾರೆ. ಸುಳ್ಳು. ಗಗನನೌಕೆಯಲ್ಲಿ ಗಾಳಿಯನ್ನು ಬಿಡದೆ ಅಳೀತಾರೆ. ಇಂಗಾಲದ ಡೈಆಕ್ಸೈಡ್ ಮಿತಿ ಮೀರಿದರೆ ಎಚ್ಚರಿಕೆ ಗಂಟೆ ಹೊಡೆಯುತ್ತೆ. ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಅಳೆಯೋ ಉಪಕರಣ ಅಂಗೈಯಲ್ಲಿ ಹಿಡಿಯುವಷ್ಟೇ ಚಿಕ್ಕದು. ಅದನ್ನು ಕೊಳ್ಳಲ್ಲ. ಬೆಂಕಿಕಡ್ಡಿ ಗೀರಿ ನೋಡಿ "ಇಳಿಯೋ" ಅಂತಾರೆ. ಸಕ್ಕಿಂಗ್ ಮೆಷಿನ್‌ಗಿಂತ ನಮ್ಮ ಹುಡುಗನ ಕೂಲಿ ಅಗ್ಗ, ಅವನ ಜೀವ ಇನ್ನೂ ಅಗ್ಗ. ಕಾರಣ ಅಷ್ಟೇ.

ನಾನು ಗುಮಾಸ್ತ. ಫೈಲಿನ ಭಾಷೆ ನನಗೆ ಗೊತ್ತು. "ಆಕಸ್ಮಿಕವಾಗಿ ಕಾಲು ಜಾರಿ ಬಿದ್ದು" ಅಂತ ಒಂದು ಸಾಲು ಬರೆದರೆ ಇಳಿಸಿದವನು ಪಾರು, ಪರಿಹಾರ ಮಾಯ. ಆ ಸಾಲು ಕಂಡ ಕಡೆಯೆಲ್ಲ ತಡೀರಿ. ಪಂಚನಾಮೆಯ ಪ್ರತಿ ಕೇಳಿ. ಇಳಿಸಿದವರ ಹೆಸರು ಎಫ್‌ಐಆರ್‌ನಲ್ಲಿ ಬರೋವರೆಗೂ ಠಾಣೆ ಬಿಟ್ಟು ಏಳಬೇಡಿ. ನಿಮ್ಮ ನಗರಸಭೆಯಲ್ಲಿ ಎಷ್ಟು ಮೆಷಿನ್ ಇದೆ, ಗಾಳಿ ಅಳೆಯೋ ಉಪಕರಣ ಎಷ್ಟಿದೆ, ಕೊನೇ ಸಲ ಬಳಸಿದ್ದು ಯಾವಾಗ ಅಂತ ಈ ವಾರವೇ ಆರ್‌ಟಿಐ ಹಾಕಿ.

ವಿಜ್ಞಾನಿಗಳಿಗೂ ಒಂದು ಮಾತು. ಆಕಾಶದಲ್ಲಿ ಮಲ ನಿಮಗೆ ಸಂಶೋಧನೆಯ ವಸ್ತು, ಅದನ್ನು ಮುಟ್ಟಿದವರಿಗೆ ಗೌರವ. ನೆಲದಲ್ಲಿ ಅದನ್ನೇ ಮುಟ್ಟಿದವರಿಗೆ ಬೇರೆ ಲೋಟ. ವಸ್ತು ಒಂದೇ ಆದ ಮೇಲೆ ಹೊಲಸು ಇರೋದು ಎಲ್ಲಿ? ಮಂಗಳ ಗ್ರಹಕ್ಕೆ ಹೋಗೋ ನಾಲ್ಕು ಜನರ ಉಸಿರಿಗೆ ತಲೆ ಕೆಡಿಸ್ಕೊಂಡವರು ನಿಮ್ಮ ಲ್ಯಾಬಿನ ಗೇಟಿನ ಹೊರಗಿರೋ ಮ್ಯಾನ್‌ಹೋಲ್ ಒಳಗಿನ ಉಸಿರಿಗೂ ಉತ್ತರ ಕೊಡಿ.

ಜೀವಾಧಾರ ವ್ಯವಸ್ಥೆ ಮೊದಲು ಬೇಕಾಗಿರೋದು ಅಲ್ಲಿಗೆ.

ಜೈ ಭೀಮ್.