ಮನೆ ಮತ್ತು ಮಕ್ಕಳು: ಅಂಗಳದ ಕಟ್ಟುಚೆಂಡು

ಯಲ್ಲಾಪುರ ತಾಲೂಕಿನ ಕಿರವತ್ತಿಯ ಕಡೆಯ ಗೃಹಸ್ಥರೊಬ್ಬರು ನಮಗೆ ಬರೆದು, ತಮ್ಮ ಇಬ್ಬರು ಮಕ್ಕಳ ಆಟಕ್ಕಾಗಿ ಅಂಗಳದಲ್ಲಿ ಏನನ್ನು ಮಾಡಿಸಿದರೆ ಉತ್ತಮವೆಂದು ಕೇಳಿರುತ್ತಾರೆ. ಅವರ ಅಡಚಣೆಯು ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳ ವಾಚಕರಿಗೆಲ್ಲ ಪರಿಚಿತವಾದುದೇ. ಮನೆಯು ದಿಬ್ಬದ ಮೇಲೆ, ಅಂಗಳ ಮುಗಿದಲ್ಲಿ ಇಳಿಜಾರು, ಅದರ ಕೆಳಗೆ ತೋಟ, ಮಗ್ಗುಲಿಗೆ ಕಾಡು. ಒಂದು ಹೊಡೆತ ಬಲವಾಗಿ ಬಿದ್ದಿತೆಂದರೆ ಚೆಂಡು ಧರೆಯಿಳಿದು ಹಳ್ಳವನ್ನು ಸೇರುವುದು, ಇಲ್ಲವೆ ಗೊಬ್ಬರಗುಂಡಿಯನ್ನು. ನೆರೆಮನೆ ದೂರವಾದುದರಿಂದ ಕ್ರಿಕೆಟಿಗೆ ಬೇಕಾದಷ್ಟು ಮಕ್ಕಳು ಕೂಡುವುದಿಲ್ಲ. ಹೀಗಾಗಿ ಹುಡುಗರಿಬ್ಬರೂ ಜಗಲಿಯ ಮೂಲೆಯಲ್ಲಿ ಮೊಬೈಲು ಹಿಡಿದು ಕುಳಿತಿರುತ್ತಾರೆಂದು ಆ ಮಹನೀಯರು ವ್ಯಥೆಪಟ್ಟಿರುವರು.

ಚೆಂಡನ್ನು ಹುಡುಕಹೋಗುವುದು ಬರಿಯ ಕಾಲಹರಣವೆಂದು ತಿಳಿಯಲಾಗದು. ಮಂಗನ ಕಾಯಿಲೆಯೆಂಬ ಜ್ವರವನ್ನು 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದರು. 2024ರಲ್ಲಿಯೂ ಸಿದ್ದಾಪುರ ತಾಲೂಕಿನಲ್ಲಿ ಅನೇಕರು ಅದಕ್ಕೆ ತುತ್ತಾದರು. ಅದನ್ನು ಹರಡುವ ಉಣುಗುಗಳು ಕಾಡಿನಂಚಿನ ದರಕಿನಲ್ಲಿ ಇರತಕ್ಕವು. ಮಳೆ ಕಳೆದ ಮೇಲಿನ ಒಣ ತಿಂಗಳುಗಳಲ್ಲಿ ಅವುಗಳ ಹಾವಳಿ ಹೆಚ್ಚು. ಮಕ್ಕಳು ಬರಿಗಾಲಿನಲ್ಲಿ ಚೆಂಡಿನ ಹಿಂದೆ ಓಡುವ ಕಾಲವೂ ಅದೇ. ಕಿರವತ್ತಿಯವರನ್ನು ಹೆದರಿಸುವುದು ನಮ್ಮ ಉದ್ದೇಶವಲ್ಲ. ಅಂಗಳವನ್ನು ಬಿಟ್ಟು ಹೋಗಲಾರದ ಚೆಂಡು ಒಂದಿದ್ದರೆ ಒಳ್ಳೆಯದೆಂದಷ್ಟೇ ನಮ್ಮ ಅಭಿಪ್ರಾಯ.

ಅಂಥ ಚೆಂಡು ಇರುವುದು. ಅಮೆರಿಕೆಯ ಶಾಲೆಗಳ ಅಂಗಳದಲ್ಲಿ ಅದನ್ನು ಟೆದರ್‌ಬಾಲ್ ಎಂದು ಕರೆಯುವರು; ನಾವು ಕಟ್ಟುಚೆಂಡು ಎನ್ನೋಣ. ಎತ್ತರದ ಕಂಬ, ಅದರ ತುದಿಯಿಂದ ಇಳಿಬಿಟ್ಟ ಹಗ್ಗ, ಹಗ್ಗದ ಕೊನೆಗೆ ಚೆಂಡು, ಸಾಮಗ್ರಿ ಇಷ್ಟೇ. ಇಬ್ಬರು ಎದುರೆದುರಾಗಿ ನಿಂತು, ಒಬ್ಬನು ಬಲಕ್ಕೆ, ಇನ್ನೊಬ್ಬನು ಎಡಕ್ಕೆ, ಅಂಗೈಯಿಂದಲೋ ಮುಷ್ಟಿಯಿಂದಲೋ ಚೆಂಡನ್ನು ಹೊಡೆಯುವರು. ಯಾರ ದಿಕ್ಕಿನಲ್ಲಿ ಹಗ್ಗವು ಪೂರ್ತಿಯಾಗಿ ಕಂಬಕ್ಕೆ ಸುತ್ತಿಕೊಳ್ಳುವುದೋ ಅವರು ಗೆದ್ದರು. ಹಗ್ಗವನ್ನು ಹಿಡಿಯಬಾರದು, ಕಂಬವನ್ನು ಮುಟ್ಟಬಾರದು. ಪಂಚಮಿಯ ಜೋಕಾಲಿಯಲ್ಲಿ ಒಬ್ಬರು ಜೀಕುವಾಗ ಉಳಿದವರು ಕಾದು ನಿಲ್ಲಬೇಕು. ಇಲ್ಲಿ ಇಬ್ಬರಿಗೂ ಏಕಕಾಲದಲ್ಲಿ ಕೆಲಸ. ಜೊತೆಯಿಲ್ಲದ ದಿನ ಒಬ್ಬನೇ ಹುಡುಗನಿಗೂ ಬೇಸರವಾಗದು.

ಇನ್ನು ಕಂಬದ ವಿಚಾರ. ಅಂತರ್ಜಾಲದ ಅಂಗಡಿಗಳಿಂದ ಬರುವ ಸಿದ್ಧ ಪೆಟ್ಟಿಗೆಗಳಲ್ಲಿ ಕಂಬವು ಮೂರು ನಾಲ್ಕು ತುಂಡುಗಳಾಗಿರುವುದುಂಟು. ತಗಡು ತೆಳುವಾಗಿದ್ದರೆ ಜೋಡಣೆಯ ಸ್ಥಳದಲ್ಲಿ ಅಲುಗಾಡುವುದು, ಒಂದು ಮಳೆಗಾಲದಲ್ಲಿ ತುಕ್ಕು ಹಿಡಿಯುವುದು. ಅಡಿಕೆಮರವು ಮಣ್ಣಿನಲ್ಲಿ ಬೇಗ ಕೊಳೆಯುವುದು, ಬಿದಿರು ಬಳುಕುವುದು. ಕಿರವತ್ತಿಯಲ್ಲಿಯೇ ಅರಣ್ಯ ಇಲಾಖೆಯ ನಾಟಾ ಡಿಪೋ ಇರುವಾಗ ಸಾಗವಾನಿಯ ಕಂಬವೇಕಾಗದೆಂದು ಕೇಳುವವರಿದ್ದಾರೆ. ಹರಾಜಿನಲ್ಲಿ ಕೊಂಡ ಸಾಗವಾನಿಯನ್ನು ಚೆಂಡಿಗಾಗಿ ಹೂಳುವ ಗೃಹಸ್ಥನನ್ನು ನಾವು ಇನ್ನೂ ಕಂಡಿಲ್ಲ; ಕಾಡಿನಿಂದ ಕಡಿದು ತರುವುದಂತೂ ಅಪರಾಧ. ಎರಡಂಗುಲದ ಜಿ.ಐ. ಪೈಪೇ ಸರಿಯಾದುದು. ಅದು ಇಪ್ಪತ್ತು ಅಡಿಯ ಉದ್ದದಲ್ಲಿ ದೊರೆಯುವುದು. ಹನ್ನೆರಡು ಅಡಿ ಕಂಬಕ್ಕಾದರೆ, ಉಳಿದ ಎಂಟು ಅಡಿಯನ್ನು ಮನೆಯಾಕೆ ಬಟ್ಟೆಯ ತಂತಿಗಾಗಿ ಕೇಳದೆ ಬಿಡಲಾರಳು.

ನಮ್ಮ ಮನೆಯಲ್ಲಿ ಮೊದಲ ಸಲ ಕಂಬವನ್ನು ಬರಿಯ ಮಣ್ಣಿನಲ್ಲಿ ಹೂಳಿ, ಸುತ್ತ ಕಲ್ಲು ಜಡಿದು ಬಿಟ್ಟೆವು. ಆಷಾಢದ ಮಳೆಗೆ ನೆಲ ಮೆತ್ತಗಾಗಿ, ಶ್ರಾವಣದ ಹೊತ್ತಿಗೆ ಕಂಬವು ಬಚ್ಚಲಿನ ಕಡೆಗೆ ವಾಲಿತು. ಎರಡನೆಯ ಸಲ ಕಾಂಕ್ರೀಟಿನಲ್ಲಿಯೇ ಭದ್ರಪಡಿಸಿದೆವು. ಆಗ ಬೇರೊಂದು ತೊಂದರೆ. ಕೊಯ್ಲು ಮುಗಿದು ಚಾಲಿ ಒಣಗಿಸಲು ಅಂಗಳವೆಲ್ಲ ಬೇಕಾದಾಗ, ನಟ್ಟ ನಡುವೆ ಕಂಬ! ಹಿರಿಯರಿಂದ ನಾವು ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅಡಿಕೆಯ ಸೀಮೆಯಲ್ಲಿ ಅಂಗಳವು ವರ್ಷದ ಕೆಲವು ತಿಂಗಳು ಮಕ್ಕಳದಲ್ಲ. ಆದುದರಿಂದ ಕಂಬವು ಕಿತ್ತಿಡುವಂತಿರಬೇಕು.

ಅದರ ಉಪಾಯವಿದು. ಎರಡೂವರೆ ಅಡಿ ಆಳ, ಒಂದೂವರೆ ಅಡಿ ಅಗಲದ ಗುಂಡಿ ತೋಡಿ, ತಳದಲ್ಲಿ ಅರ್ಧ ಅಡಿ ಜಲ್ಲಿಯನ್ನು ತುಂಬತಕ್ಕದ್ದು. ಅದರ ಮೇಲೆ ಎರಡೂವರೆ ಅಂಗುಲದ, ಎರಡಡಿ ಉದ್ದದ ಪೈಪಿನ ತುಂಡನ್ನು ನೆಟ್ಟಗೆ ನಿಲ್ಲಿಸಿ, ಗವಂಡಿಯ ತೂಗುಗುಂಡಿನಿಂದ ನೋಡಿ, ಸುತ್ತಲೂ ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಕಾಂಕ್ರೀಟು ಹಾಕಿಸುವುದು. ತುಂಡಿನ ತಳ ತೆರೆದೇ ಇರಲಿ. ಒಳಗೆ ಬಿದ್ದ ಮಳೆನೀರು ಜಲ್ಲಿಯಲ್ಲಿ ಇಂಗಿಹೋಗುವುದು. ಬಾಯಿ ನೆಲಕ್ಕೆ ಸಮನಾಗಿರಲಿ. ಒಂದು ವಾರ ನೀರುಣಿಸಿದ ಮೇಲೆ ಕಂಬವನ್ನು ಒಳಗಿಳಿಸಿ, ಸಡಿಲಿದ್ದಲ್ಲಿ ಮರದ ಬೆಣೆ ಬಡಿದರಾಯಿತು. ಕಂಬ ಕಿತ್ತ ದಿನವೇ ಬಾಯಿಗೆ ಮುಚ್ಚಳ ಹಾಕಲು ಮರೆಯಬಾರದು. ತೆರೆದ ಪೈಪಿನಲ್ಲಿ ಎಳೆಗರುವಿನ ಕಾಲಾದರೂ, ಮಗುವಿನ ಕಾಲಾದರೂ ಸಿಕ್ಕೀತು.

ನೆಲದಿಂದ ಹತ್ತಡಿ ಕಂಬ. ಚೆಂಡು ನೆಲದಿಂದ ಎರಡಡಿ ಮೇಲೆ ತೂಗಬೇಕು. ಕಂಬದ ಸುತ್ತ ಹತ್ತಡಿಯವರೆಗೆ ತುಲಸೀಕಟ್ಟೆ, ಬಾವಿಕಟ್ಟೆ, ಬಟ್ಟೆಯ ತಂತಿ ಒಂದೂ ಬರಕೂಡದು. ತೆಂಗಿನ ಮರದ ಕೆಳಗೆ ಸರ್ವಥಾ ಬೇಡ. ಮನೆಗೆ ಬರುವ ವಿದ್ಯುತ್ ತಂತಿಯಿಂದಲೂ ದೂರವಿರಬೇಕು. ಹನ್ನೆರಡು ಅಡಿಯ ಕಬ್ಬಿಣದ ಪೈಪನ್ನು ಎತ್ತಿ ನಿಲ್ಲಿಸುವ ಕ್ಷಣವೇ ಎಲ್ಲಕ್ಕಿಂತ ಅಪಾಯದ್ದು. ಗುಡುಗು ಕೇಳಿದೊಡನೆ ಆಟವನ್ನು ನಿಲ್ಲಿಸಬೇಕೆಂಬುದನ್ನೂ ಮಕ್ಕಳಿಗೆ ಮೊದಲೇ ತಿಳಿಸಿರಿ.

ತೆಂಗಿನ ನಾರಿನ ಹಗ್ಗ ಕೈಯನ್ನು ತರಚುವುದು, ಮಳೆಗೆ ಲಡ್ಡಾಗುವುದು. ನುಣುಪಾದ ನೈಲಾನ್ ಹಗ್ಗವೇ ವಾಸಿ. ಚೆಂಡು ವಾಲಿಬಾಲಿನ ಗಾತ್ರದ್ದು, ಮೆತ್ತಗಿನದು ಇರಲಿ. ಅದಕ್ಕೆ ಕೊಂಡಿಯಿಲ್ಲದಿದ್ದರೆ ಚಿಂತೆಯಿಲ್ಲ. ಮಜ್ಜಿಗೆಯ ಗಡಿಗೆಯನ್ನು ತೂಗುಹಾಕುವ ಸಿಕ್ಕವನ್ನು ಹೆಣೆಯಬಲ್ಲ ಅಜ್ಜಿ ಮನೆಯಲ್ಲಿದ್ದರೆ, ಚೆಂಡಿಗೂ ಅಂಥದೊಂದು ಬಿಗಿಯಾದ ಸಿಕ್ಕವನ್ನು ಹೆಣೆದುಕೊಡುವಳು. ನಮ್ಮಲ್ಲಿ ಹಾಗೆಯೇ ಆಯಿತು. ಬಳಿಕ ಅಜ್ಜಿಯೇ ಪಂದ್ಯದ ತೀರ್ಪುಗಾರಳಾದಳು. ಸಂಜೆ ಆಟ ಮುಗಿದೊಡನೆ ಚೆಂಡನ್ನೂ ಹಗ್ಗವನ್ನೂ ಬಿಚ್ಚಿ ಒಳಗಿಡತಕ್ಕದ್ದು. ಇಳಿಬಿದ್ದ ಹಗ್ಗ ಸಣ್ಣ ಕೂಸಿನ ಕೊರಳಿಗೆ ಸುತ್ತಿಕೊಂಡೀತು. ಈ ಒಂದು ವಿಷಯದಲ್ಲಿ ಆಲಸ್ಯವನ್ನು ನಾವು ಕ್ಷಮಿಸಲಾರೆವು.

ಪತ್ರ ಬರೆದ ಗೃಹಸ್ಥರ ಮಕ್ಕಳಲ್ಲಿ ಒಬ್ಬನು ಹನ್ನೆರಡು ವರ್ಷದವನು, ಇನ್ನೊಬ್ಬನು ಎಂಟರವನು. ಈ ಆಟದಲ್ಲಿ ಎತ್ತರವಿದ್ದವನಿಗೆ ಅನುಕೂಲ ಹೆಚ್ಚು. ಚೆಂಡು ಕಿರಿಯವನ ತಲೆಯ ಮೇಲಿಂದ ಹಾದುಹೋಗುತ್ತಲೇ ಇರುವುದು. ಮೊದಲ ಹೊಡೆತ ಹೊಡೆಯುವವನಿಗೂ ಅನುಕೂಲವುಂಟು. ಆದುದರಿಂದ ಮೊದಲ ಹೊಡೆತವೂ ದಿಕ್ಕನ್ನು ಆರಿಸುವ ಹಕ್ಕೂ ಯಾವಾಗಲೂ ಕಿರಿಯವನಿಗಿರಲಿ. ಹಿರಿಯವನು ಎಡಗೈಯಿಂದಲೇ ಆಡಲಿ. ಎಂಟು ದಿನ ಹಾಗೆ ಆಡಿಸಿ ನೋಡಿ, ಏನಾಯಿತೆಂದು ನಮಗೆ ಬರೆಯಬೇಕಾಗಿ ಅವರನ್ನು ಕೋರುತ್ತೇವೆ.